ಟೈಪ್ ಬೇಡ ಅಂದ್ಮೇಲೆ ಡಿಕ್ಲೇರ್ ಯಾಕೆ ಮಾಡ್ಬೇಕು?

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ವು. ಪಿಎಚ್‌ಪಿ, ಪೈಥಾನ್, ಜಾವಾಸ್ಕ್ರಿಪ್ಟ್ ಥರ ಟೈಪ್ (ಇದು ನಂಬರ್, ಇದು ಸ್ಟ್ರಿಂಗ್ ಅಂದ್ರೆ ಅಕ್ಷರಗಳ ಸಾಲು ಅನ್ನೋ ಥರದ ಜಾತಿ) ಕೇಳದೇ ಇರೋ ಭಾಷೆಗಳಲ್ಲಿ ಕ್ಲಾಸ್ (ಆಬ್ಜೆಕ್ಟ್ ತಯಾರಾಗೋ ಅಚ್ಚು) ಒಳಗಿನ ವೇರಿಯೇಬಲ್‌ಗಳನ್ನ ಡಿಕ್ಲೇರ್ ಮಾಡೋದು, ಅಂದ್ರೆ ಮೊದಲೇ ಹೆಸರು ಬರೆದು ತಿಳಿಸೋದು ಹೇಗೆ, ಯಾಕೆ ಅಂತ. ಉಳಿದದ್ದನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಸಲ ಇದನ್ನೇ ತಗೊಂಡಿದೀನಿ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ‘ಕ್ಲಾಸ್ ವೇರಿಯೇಬಲ್’ ಅನ್ನೋದನ್ನ ಜನ ಎರಡು ಅರ್ಥದಲ್ಲಿ ಬಳಸ್ತಾರೆ, ಪ್ರತಿ ಆಬ್ಜೆಕ್ಟ್‌ಗೂ ತನ್ನದೇ ಅಂತ ಒಂದು ಇರತ್ತಲ್ಲ ಅದಕ್ಕೂ ಹಾಗೇ ಅಂತಾರೆ, ಇಡೀ ಕ್ಲಾಸ್‌ಗೆಲ್ಲ ಸೇರಿ ಒಂದೇ ಇರೋದಕ್ಕೂ ಹಾಗೇ ಅಂತಾರೆ. ಪತ್ರ ಬರೆದವರು ಯಾವುದನ್ನ ಕೇಳ್ತಿದಾರೆ ಅಂತ ನೋಡ್ಕೊಂಡು ಉತ್ತರ ಬರೆದಿದೀನಿ.

ಪ್ರಶ್ನೆ: ಸರ್, ನಾನು ಪಿಎಚ್‌ಪಿಯಲ್ಲಿ ಕೆಲಸ ಮಾಡೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಇಷ್ಟು ದಿನ ಕ್ಲಾಸ್ ಬರೆಯುವಾಗ ಮೇಲೆ ಏನೂ ಡಿಕ್ಲೇರ್ ಮಾಡ್ದೆ, ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ತಾನಾಗೇ ಓಡೋ ಫಂಕ್ಷನ್) ಒಳಗೆ ಡಾಲರ್ ದಿಸ್, ಅಂದ್ರೆ ‘ಈ ಆಬ್ಜೆಕ್ಟ್’ ಅಂತ ಬರೆದು ಬೇಕಾದ ಹೆಸರಿಗೆ ನೇರವಾಗಿ ವ್ಯಾಲ್ಯೂ ಹಾಕ್ತಿದ್ದೆ. ಎಲ್ಲಾ ಚೆನ್ನಾಗೇ ನಡೀತಿತ್ತು. ಸರ್ವರ್‌ನಲ್ಲಿ ಪಿಎಚ್‌ಪಿ 8.2 ಹಾಕಿದ್ಮೇಲೆ ಪೇಜ್ ತುಂಬಾ ಡೈನಾಮಿಕ್ ಪ್ರಾಪರ್ಟಿ ಡೆಪ್ರಿಕೇಟೆಡ್, ಅಂದ್ರೆ ಡಿಕ್ಲೇರ್ ಮಾಡದ ಪ್ರಾಪರ್ಟಿ (ಆಬ್ಜೆಕ್ಟ್ ಒಳಗಿನ ವೇರಿಯೇಬಲ್) ಹುಟ್ಟಿಸೋದನ್ನ ಇನ್ನು ಬಿಡಿ ಅನ್ನೋ ಮೆಸೇಜ್ ಬರ್ತಿದೆ. ಇದು ಲೂಸ್ಲಿ ಟೈಪ್ಡ್ ಭಾಷೆ ತಾನೇ? ಟೈಪೇ ಹೇಳ್ಬೇಕಾಗಿಲ್ಲ ಅಂದ್ಮೇಲೆ ಡಿಕ್ಲೇರ್ ಮಾಡೋದು ಯಾಕೆ?

ಉತ್ತರ: ನಿಮ್ಮ ಪ್ರಶ್ನೆಯ ಕೊನೇ ಸಾಲಲ್ಲೇ ಗಂಟು ಇದೆ. ಟೈಪ್ ಹೇಳೋದು ಬೇರೆ, ಹೆಸರು ಹೇಳೋದು ಬೇರೆ, ನೀವು ಎರಡನ್ನೂ ಒಂದೇ ಅಂದ್ಕೊಂಡಿದೀರ. ಲೂಸ್ಲಿ ಟೈಪ್ಡ್ ಅಂದ್ರೆ ಒಂದು ಹೆಸರಿನಲ್ಲಿ ಇವತ್ತು ನಂಬರ್ ಇಟ್ಟು ನಾಳೆ ಸ್ಟ್ರಿಂಗ್ ಇಟ್ರೂ ಭಾಷೆ ತಕರಾರು ಮಾಡಲ್ಲ ಅಂತ, ಅಷ್ಟೇ. ಆ ಹೆಸರು ಇದೆಯೋ ಇಲ್ವೋ ಅನ್ನೋದು ಅದಕ್ಕೆ ಸಂಬಂಧವೇ ಇಲ್ಲದ ಮಾತು. ಕ್ಲಾಸ್‌ನ ಮೇಲ್ಗಡೆ ನೀವು ಬರೆಯೋ ಡಿಕ್ಲರೇಷನ್ ಏನಂದ್ರೆ, ಈ ಆಬ್ಜೆಕ್ಟ್ ಒಳಗೆ ಇರೋದು ಇಷ್ಟು ಹೆಸರುಗಳು, ಇವುಗಳ ಸ್ಪೆಲಿಂಗ್ ಹೀಗೆ ಅನ್ನೋ ಪಟ್ಟಿ.

ಪಟ್ಟಿ ಇಲ್ದೇ ಹೋದ್ರೆ, ಅಥವಾ ಪಟ್ಟಿ ಇದ್ರೂ ಭಾಷೆ ಅದನ್ನ ನೋಡ್ದೇ ಹೋದ್ರೆ ಏನಾಗತ್ತೆ ಅಂತ ನನಗೇ ಆದದ್ದು ಹೇಳ್ತೀನಿ. ಗ್ರಾಹಕರ ವಿಳಾಸ ಬದಲಾಯಿಸೋ ಒಂದು ಫಾರ್ಮ್ ಬರೆದಿದ್ದೆ. ಕ್ಲಾಸ್‌ನಲ್ಲಿ ಅಡ್ರೆಸ್ ಅನ್ನೋ ಹೆಸರು, ಇಂಗ್ಲಿಷ್‌ನಲ್ಲಿ ಅದಕ್ಕೆ ಎರಡು ‘ಡಿ’ ಬರತ್ತೆ. ಅಪ್‌ಡೇಟ್ ಮಾಡೋ ಮೆಥಡ್ (ಕ್ಲಾಸ್ ಒಳಗಿನ ಫಂಕ್ಷನ್) ಒಳಗೆ ನಾನು ಒಂದೇ ‘ಡಿ’ ಹಾಕಿದ್ದೆ. ಪಿಎಚ್‌ಪಿ ಏನೂ ಅನ್ನಲಿಲ್ಲ, ಒಂದೇ ‘ಡಿ’ ಇರೋ ಹೊಸ ಪ್ರಾಪರ್ಟಿ ಅಲ್ಲೇ ಹುಟ್ಟಿಸ್ಕೊಂಡು ಹೊಸ ವಿಳಾಸವನ್ನ ಅದರಲ್ಲಿ ಇಟ್ಟುಬಿಡ್ತು. ಆಮೇಲೆ ಸೇವ್ ಮೆಥಡ್ ಎರಡು ‘ಡಿ’ ಇರೋದನ್ನ ಓದಿ ಹಳೇ ವಿಳಾಸನೇ ಮತ್ತೆ ಡೇಟಾಬೇಸ್‌ಗೆ ಬರೀತು. ಸ್ಕ್ರೀನ್ ಮೇಲೆ ‘ಸೇವ್ ಆಗಿದೆ’ ಅಂತ ಹಸಿರು ಬಣ್ಣದಲ್ಲಿ ಬರ್ತಿತ್ತು, ಎರರ್ ಲಾಗ್‌ನಲ್ಲಿ ಒಂದಕ್ಷರ ಇಲ್ಲ, ನಾನು ಡೇಟಾಬೇಸ್ ನೋಡಿದೆ, ಕ್ಯಾಶ್ ಕ್ಲಿಯರ್ ಮಾಡಿದೆ, ಫಾರ್ಮ್‌ನಿಂದ ಬರೋ ಡೇಟಾ ಪ್ರಿಂಟ್ ಮಾಡಿ ನೋಡಿದೆ, ಎಲ್ಲಾ ಸರಿಯಾಗೇ ಇತ್ತು. ಕೊನೆಗೆ ಇಡೀ ಆಬ್ಜೆಕ್ಟನ್ನ ಡಂಪ್ ಮಾಡಿದಾಗ ಎರಡು ಅಡ್ರೆಸ್ ಕಂಡಿತು, ಒಂದು ಮೇಲೆ ಡಿಕ್ಲೇರ್ ಆದವುಗಳ ಜೊತೆಯಲ್ಲಿ, ಇನ್ನೊಂದು ಎಲ್ಲಕ್ಕಿಂತ ಕೆಳಗೆ. ಆ ಒಂದು ಅಕ್ಷರಕ್ಕೆ ಮೂರು ದಿನ ಹೋಗಿತ್ತು.

2022ರ ಡಿಸೆಂಬರ್‌ನಲ್ಲಿ ಬಂದ 8.2 ಇದನ್ನೇ ತಡೆಯೋಕೆ ಹೊರಟಿರೋದು. ಪಟ್ಟಿಯಲ್ಲಿ ಇಲ್ಲದ ಹೆಸರಿಗೆ ವ್ಯಾಲ್ಯೂ ಹಾಕಿದ್ರೆ ಈಗ ಎಚ್ಚರಿಕೆ ಕೊಡತ್ತೆ, ಒಂಬತ್ತನೇ ಆವೃತ್ತಿಯಲ್ಲಿ ಇದನ್ನ ಎರರ್ ಮಾಡೋದು ಅಂತಾನೂ ತೀರ್ಮಾನ ಆಗಿದೆ. ಆದ್ರಿಂದ ಮೆಸೇಜ್ ಕಾಣಿಸದ ಹಾಗೆ ಆಫ್ ಮಾಡಿ ಸುಮ್ನಾಗ್ಬೇಡಿ ದಯವಿಟ್ಟು. (ಇದಕ್ಕೂ ಮುಂಚೆ ಹುಷಾರಾಗಿದ್ದವರು ಅಂಡರ್‌ಸ್ಕೋರ್ ಅಂಡರ್‌ಸ್ಕೋರ್ ಸೆಟ್ ಅನ್ನೋ, ಪಟ್ಟಿಯಲ್ಲಿ ಇಲ್ಲದ ಹೆಸರಿಗೆ ವ್ಯಾಲ್ಯೂ ಹಾಕುವಾಗ ತಾನಾಗೇ ಓಡೋ ಮ್ಯಾಜಿಕ್ ಮೆಥಡ್ ಬರೆದು, ಗೊತ್ತಿಲ್ಲದ ಹೆಸರು ಬಂದ್ರೆ ಎಕ್ಸೆಪ್ಷನ್ ಎಸೀತಿದ್ರು.)

ಸರಿ ಮಾಡೋದು ಹೇಗೆ ಅಂದ್ರೆ, ಮೆಸೇಜ್‌ನಲ್ಲೇ ಕ್ಲಾಸ್ ಹೆಸರೂ ಪ್ರಾಪರ್ಟಿ ಹೆಸರೂ ಇರತ್ತೆ, ಅದನ್ನ ನೋಡ್ಕೊಂಡು ಕ್ಲಾಸ್‌ನ ಮೇಲೆ ಪಬ್ಲಿಕ್, ಪ್ರೊಟೆಕ್ಟೆಡ್ ಅಥವಾ ಪ್ರೈವೇಟ್ (ಅದನ್ನ ಯಾರು ಮುಟ್ಟಬಹುದು ಅಂತ ಹೇಳೋ ಪದಗಳು) ಅಂತ ಬರೆದು ಪಕ್ಕದಲ್ಲಿ ಡಾಲರ್ ಜೊತೆ ಹೆಸರು ಬರೆದ್ರೆ ಆಯ್ತು. ಟೈಪ್ ಬೇಕಾಗಿಲ್ಲ. ಆದ್ರೆ ಬರೀ ಡಾಲರ್ ಹೆಸರು ಬರೆದು ಸೆಮಿಕೋಲನ್ ಹಾಕಿದ್ರೆ ಸಿಂಟ್ಯಾಕ್ಸ್ ಎರರ್ ಬರತ್ತೆ, ಮುಂದೆ ಒಂದು ಪದ ಇರಲೇಬೇಕು. ಹಳೇ ಕೋಡ್‌ನಲ್ಲಿ ವಾರ್ ಅಂತ ಇರೋದನ್ನ ನೋಡಿರ್ತೀರ, ಅದು ಪಿಎಚ್‌ಪಿ 4ರ ಕಾಲದ್ದು, 2004ರಲ್ಲಿ 5 ಬಂದಾಗ ಪಬ್ಲಿಕ್, ಪ್ರೈವೇಟ್ ಎಲ್ಲಾ ಬಂದ್ವು, ವಾರ್ ಈಗಲೂ ನಡೆಯತ್ತೆ, ಪಬ್ಲಿಕ್ ಅಂತಲೇ ಅರ್ಥ.

ಇಲ್ಲಿ ಒಂದು ಮಾತು ತುಂಬಾ ಮುಖ್ಯ. ಮೆಸೇಜ್ ಬಂದ ಹೆಸರನ್ನೆಲ್ಲ ಕಣ್ಣು ಮುಚ್ಚಿ ಮೇಲೆ ಡಿಕ್ಲೇರ್ ಮಾಡ್ತಾ ಹೋಗ್ಬೇಡಿ. ಒಂದೊಂದನ್ನೂ ಓದಿ ನೋಡಿ, ಅದರಲ್ಲಿ ಕೆಲವು ನಿಜವಾದ ಪ್ರಾಪರ್ಟಿಗಳಲ್ಲ, ಸ್ಪೆಲಿಂಗ್ ತಪ್ಪುಗಳು. ನನ್ನ ಒಂದೇ ‘ಡಿ’ ಅಡ್ರೆಸನ್ನ ಡಿಕ್ಲೇರ್ ಮಾಡಿಬಿಟ್ಟಿದ್ರೆ ಮೆಸೇಜ್ ಹೋಗ್ತಿತ್ತು, ತಪ್ಪು ಮಾತ್ರ ಅಲ್ಲೇ ಬೇರು ಬಿಟ್ಟಿರ್ತಿತ್ತು. ಕ್ಲಾಸ್ ಬೇರೆಯವರದ್ದು, ಒಳಗಿನ ಕೋಡನ್ನ ಈಗಲೇ ತಿದ್ದೋಕೆ ಆಗಲ್ಲ ಅನ್ನೋ ಕಡೆ ಮಾತ್ರ ಕ್ಲಾಸ್‌ನ ತಲೆ ಮೇಲೆ ಅಲೋ ಡೈನಾಮಿಕ್ ಪ್ರಾಪರ್ಟೀಸ್ ಅನ್ನೋ ಆಟ್ರಿಬ್ಯೂಟ್ ಹಾಕಬಹುದು. ಎಸ್‌ಟಿಡಿಕ್ಲಾಸ್‌ನ ಆಬ್ಜೆಕ್ಟ್‌ಗಳಿಗೆ ಈ ನಿಯಮ ಇಲ್ಲ, ಅದು ಇರೋದೇ ಬೇಕಾದ ಹೆಸರು ಸೇರಿಸ್ಕೊಳ್ಳೋಕೆ.

ಪ್ರಶ್ನೆ: ನಾನು ಸರಿಯಾಗಿ ಡಿಕ್ಲೇರ್ ಮಾಡಿದೀನಿ ಸರ್, ಪಬ್ಲಿಕ್ ಡಾಲರ್ ನೇಮ್ ಅಂತಲೇ ಬರೆದಿದೀನಿ. ಆದ್ರೂ ಅದೇ ಡೆಪ್ರಿಕೇಟೆಡ್ ಮೆಸೇಜ್, ಅದೂ ವಿಚಿತ್ರ ಅಂದ್ರೆ ಪ್ರಾಪರ್ಟಿ ಹೆಸರಿನ ಜಾಗದಲ್ಲಿ ನಾನು ಫಾರ್ಮ್‌ನಲ್ಲಿ ಟೈಪ್ ಮಾಡಿದ ಲತಾ ಅನ್ನೋ ಹೆಸರು ಕಾಣಿಸ್ತಿದೆ!

ಉತ್ತರ: ಕೋಡ್ ಕಳಿಸಿಲ್ಲ ನೀವು, ಆದ್ರೂ ಎಲ್ಲಿ ತಪ್ಪಾಗಿದೆ ಅಂತ ಹೇಳಬಲ್ಲೆ. ಡಾಲರ್ ದಿಸ್ ಆರೋ ಆದ್ಮೇಲೆ ಮತ್ತೊಂದು ಡಾಲರ್ ಹಾಕಿದೀರ. ಡಿಕ್ಲೇರ್ ಮಾಡುವಾಗ ಹೆಸರಿಗೆ ಡಾಲರ್ ಬೇಕು, ಬಳಸುವಾಗ ದಿಸ್‌ಗೆ ಮಾತ್ರ ಡಾಲರ್, ಆರೋ ನಂತರ ಬರೀ ನೇಮ್. ಅಲ್ಲೂ ಡಾಲರ್ ಹಾಕಿದ್ರೆ ಪಿಎಚ್‌ಪಿ ಅದನ್ನ ಬೇರೆ ಥರ ಅರ್ಥ ಮಾಡ್ಕೊಳ್ಳತ್ತೆ, ನೇಮ್ ಅನ್ನೋ ಲೋಕಲ್ ವೇರಿಯೇಬಲ್ ಒಳಗೆ ಏನಿದೆ ನೋಡಿ, ಆ ವ್ಯಾಲ್ಯೂನೇ ಪ್ರಾಪರ್ಟಿ ಹೆಸರು ಅಂತ ತಗೊಳ್ಳತ್ತೆ. ಒಳಗೆ ಲತಾ ಇತ್ತು, ಆದ್ರಿಂದ ಲತಾ ಅನ್ನೋ ಪ್ರಾಪರ್ಟಿ ಹುಟ್ಟಿತು, ನಿಮ್ಮ ನಿಜವಾದ ನೇಮ್ ಖಾಲಿ ಉಳೀತು. ಒಂದು ಡಾಲರ್ ತೆಗೀರಿ, ಸರಿಹೋಗತ್ತೆ.

ಪ್ರಶ್ನೆ: ಪೈಥಾನ್‌ನಲ್ಲಿ ಸ್ಟೂಡೆಂಟ್ ಅಂತ ಕ್ಲಾಸ್ ಬರೆದು ಅದರ ಮೇಲೆ ಮಾರ್ಕ್ಸ್ ಅನ್ನೋ ಖಾಲಿ ಲಿಸ್ಟ್ ಡಿಕ್ಲೇರ್ ಮಾಡ್ದೆ. ಒಬ್ಬ ವಿದ್ಯಾರ್ಥಿಗೆ 90 ಸೇರಿಸಿದ್ರೆ ಎಲ್ಲಾ ವಿದ್ಯಾರ್ಥಿಗಳಿಗೂ 90 ಬರ್ತಿದೆ. ಪಿಎಚ್‌ಪಿಯಲ್ಲಿ ಇದೇ ಥರ ಬರೆದಾಗ ಸರಿಯಾಗಿತ್ತು, ಇಲ್ಲಿ ಯಾಕೆ ಹೀಗೆ?

ಉತ್ತರ: ನೋಡೋಕೆ ಒಂದೇ ಥರ ಇರೋ ಸಾಲು, ಆದ್ರೆ ಭಾಷೆಯಿಂದ ಭಾಷೆಗೆ ಅರ್ಥ ಬೇರೆ. ಪಿಎಚ್‌ಪಿಯಲ್ಲಿ ಕ್ಲಾಸ್ ಮೇಲೆ ಬರೆದದ್ದು ‘ಪ್ರತಿ ಹೊಸ ಆಬ್ಜೆಕ್ಟ್ ಹುಟ್ಟುವಾಗ ಇದರಿಂದ ಶುರು ಮಾಡು’ ಅನ್ನೋ ಸೂಚನೆ, ಅರೇ ಕೂಡ ಪ್ರತಿ ಆಬ್ಜೆಕ್ಟ್‌ಗೂ ಬೇರೆ ಬೇರೆನೇ ಇರತ್ತೆ. ಪೈಥಾನ್‌ನಲ್ಲಿ ಹಾಗಲ್ಲ. ಕ್ಲಾಸ್ ಬಾಡಿ ಒಂದೇ ಸಲ ಓಡತ್ತೆ, ಆ ಒಂದು ಸಲದಲ್ಲಿ ಒಂದು ಲಿಸ್ಟ್ ಹುಟ್ಟತ್ತೆ, ಅದು ಕ್ಲಾಸ್‌ಗೆ ಸೇರಿದ್ದು. ಎಷ್ಟೇ ವಿದ್ಯಾರ್ಥಿಗಳನ್ನ ಸೃಷ್ಟಿ ಮಾಡಿ, ಸೆಲ್ಫ್ ಡಾಟ್ ಮಾರ್ಕ್ಸ್ (ಸೆಲ್ಫ್ ಅಂದ್ರೆ ‘ಈ ಆಬ್ಜೆಕ್ಟ್’) ಅಂದಾಗ ಪೈಥಾನ್ ಮೊದಲು ಆ ಆಬ್ಜೆಕ್ಟ್ ಒಳಗೆ ಹುಡುಕತ್ತೆ, ಅಲ್ಲಿ ಇಲ್ಲ ಅಂದ್ರೆ ಕ್ಲಾಸ್ ಕಡೆ ನೋಡತ್ತೆ, ಅಲ್ಲಿ ಆ ಒಂದೇ ಲಿಸ್ಟ್ ಸಿಗತ್ತೆ, ಅಪೆಂಡ್ (ಕೊನೆಗೆ ಸೇರಿಸೋದು) ಅದಕ್ಕೇ ಆಗತ್ತೆ. ಎಲ್ಲರೂ ಬರೀತಿರೋದು ಒಂದೇ ಪುಸ್ತಕದಲ್ಲಿ ಅನ್ನೋ ಹಾಗೆ.

ಪರಿಹಾರ ಸುಲಭ, ಆ ಸಾಲನ್ನ ಮೇಲಿಂದ ತೆಗೆದು ಡಂಡರ್ ಇನಿಟ್ (ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರೋ ಇನಿಟ್, ಪೈಥಾನ್‌ನ ಕನ್‌ಸ್ಟ್ರಕ್ಟರ್) ಒಳಗೆ ಸೆಲ್ಫ್ ಡಾಟ್ ಮಾರ್ಕ್ಸ್‌ಗೆ ಖಾಲಿ ಲಿಸ್ಟ್ ಕೊಡಿ. ಇನಿಟ್ ಪ್ರತಿ ಆಬ್ಜೆಕ್ಟ್‌ಗೂ ಓಡತ್ತೆ, ಪ್ರತಿ ಸಲ ಹೊಸ ಲಿಸ್ಟ್.

ಇದರ ಉಲ್ಟಾ ತಪ್ಪು ಇನ್ನೊಂದಿದೆ, ಅದನ್ನೂ ಇಲ್ಲೇ ಹೇಳ್ತೀನಿ ಯಾಕಂದ್ರೆ ಇವತ್ತಲ್ಲ ನಾಳೆ ನಿಮಗೆ ಎದುರಾಗೇ ಆಗತ್ತೆ. ಎಷ್ಟು ವಿದ್ಯಾರ್ಥಿಗಳು ಸೇರಿದ್ರು ಅಂತ ಲೆಕ್ಕ ಇಡೋಕೆ ಕ್ಲಾಸ್ ಮೇಲೆ ಕೌಂಟ್ ಅಂತ ಸೊನ್ನೆ ಇಟ್ಟು, ಇನಿಟ್ ಒಳಗೆ ಸೆಲ್ಫ್ ಡಾಟ್ ಕೌಂಟ್‌ಗೆ ಒಂದು ಕೂಡಿಸ್ತಾರೆ. ಹತ್ತು ಜನರನ್ನ ಸೇರಿಸಿ ಆಮೇಲೆ ಸ್ಟೂಡೆಂಟ್ ಡಾಟ್ ಕೌಂಟ್ ನೋಡಿದ್ರೆ ಇನ್ನೂ ಸೊನ್ನೆ! ಆಗಿದ್ದು ಇಷ್ಟೇ, ಓದೋದು ಕ್ಲಾಸ್‌ನಿಂದ, ಬರೆಯೋದು ಮಾತ್ರ ಆಬ್ಜೆಕ್ಟ್‌ಗೆ. ಕ್ಲಾಸ್‌ನ ಸೊನ್ನೆ ತಗೊಂಡು ಒಂದು ಕೂಡಿಸಿ ಬಂದ ಒಂದನ್ನ ಆ ವಿದ್ಯಾರ್ಥಿಯ ಒಳಗೆ ಹೊಸ ಕೌಂಟ್ ಅಂತ ಇಟ್ಟಿತು, ಹತ್ತು ಜನರ ಹತ್ರನೂ ಒಂದೊಂದು ಕೌಂಟ್, ಎಲ್ಲದರಲ್ಲೂ 1. ಇಲ್ಲಿ ಸೆಲ್ಫ್ ಬದಲು ಸ್ಟೂಡೆಂಟ್ ಡಾಟ್ ಕೌಂಟ್ ಅಂತಲೇ ಬರೆದು ಕೂಡಿಸ್ಬೇಕು. ಲಿಸ್ಟ್‌ಗೆ ಅಪೆಂಡ್ ಮಾಡೋದು ಇರೋ ವಸ್ತುವನ್ನ ಬದಲಾಯಿಸೋದು, ಈಕ್ವಲ್ ಟು ಹಾಕೋದು ಹೆಸರಿಗೆ ಹೊಸ ವಸ್ತು ಕಟ್ಟೋದು, ಈ ವ್ಯತ್ಯಾಸ ಒಂದು ಸಲ ಮನಸ್ಸಿಗೆ ಹತ್ತಿದ್ರೆ ಎರಡೂ ತಪ್ಪು ತಾನಾಗೇ ಅರ್ಥ ಆಗತ್ತೆ.

ಪೈಥಾನ್ 3.7ರಿಂದ ಡೇಟಾಕ್ಲಾಸ್ ಅಂತ ಇದೆ, ಅದರಲ್ಲಿ ಹೀಗೆ ಖಾಲಿ ಲಿಸ್ಟನ್ನ ಡೀಫಾಲ್ಟ್ ಆಗಿ ಕೊಡೋಕೆ ಹೋದ್ರೆ ಅಲ್ಲೇ ವ್ಯಾಲ್ಯೂ ಎರರ್ ಕೊಟ್ಟು ನಿಲ್ಲಿಸತ್ತೆ, ಡೀಫಾಲ್ಟ್ ಫ್ಯಾಕ್ಟರಿ (ಪ್ರತಿ ಆಬ್ಜೆಕ್ಟ್‌ಗೂ ಹೊಸದು ಮಾಡಿಕೊಡೋದು) ಬಳಸಿ ಅನ್ನತ್ತೆ. ಎಷ್ಟು ಜನ ಈ ಗುಂಡಿಗೆ ಬಿದ್ದಿರ್ಬೇಕು ನೋಡಿ, ಅದಕ್ಕೆ ಅಂತಲೇ ಬೇಲಿ ಹಾಕಿದಾರೆ.

ಪ್ರಶ್ನೆ: ಪೈಥಾನ್‌ನಲ್ಲಿ ಸ್ಪೆಲಿಂಗ್ ತಪ್ಪು ಹಿಡಿಯೋಕೆ ದಾರಿ ಇದೆಯಾ? ಮೇಲೆ ಹೆಸರು ಬರೆದು ಕೋಲನ್ ಹಾಕಿ ಟೈಪ್ ಬರೆದ್ರೆ ಸಾಕಾ?

ಉತ್ತರ: ಸಾಕಾಗಲ್ಲ. 3.6ರಿಂದ ಹೆಸರು ಕೋಲನ್ ಟೈಪ್ ಅಂತ ಬರೆಯೋಕೆ ಬಿಟ್ಟಿದಾರೆ ನಿಜ, ಆದ್ರೆ ವ್ಯಾಲ್ಯೂ ಕೊಡದೇ ಬರೀ ಅಷ್ಟೇ ಬರೆದ್ರೆ ವೇರಿಯೇಬಲ್ ಹುಟ್ಟೋದೇ ಇಲ್ಲ, ಅದು ಒಂದು ಟಿಪ್ಪಣಿಯಾಗಿ ಉಳಿಯತ್ತೆ. ಓದೋಕೆ ಹೋದ್ರೆ ಆಟ್ರಿಬ್ಯೂಟ್ ಎರರ್. ತಪ್ಪು ಟೈಪ್‌ನ ವ್ಯಾಲ್ಯೂ ಹಾಕಿದ್ರೂ ಓಡುವಾಗ ಪೈಥಾನ್ ಕೇಳಲ್ಲ, ಅದನ್ನ ಹಿಡಿಯೋಕೆ ಮೈಪೈ ಥರದ, ಟೈಪ್ ಪರೀಕ್ಷೆ ಮಾಡೋ ಟೂಲ್ ಬೇರೆ ಓಡಿಸ್ಬೇಕು, ನೀವು ಬರೆದ ಟಿಪ್ಪಣಿ ಆಗ ಕೆಲಸಕ್ಕೆ ಬರತ್ತೆ. ಓಡುವಾಗಲೇ ತಡೆ ಬೇಕು ಅಂದ್ರೆ ಸ್ಲಾಟ್ಸ್ ಇದೆ, ಡಬಲ್ ಅಂಡರ್‌ಸ್ಕೋರ್ ಹಿಂದೆ ಮುಂದೆ ಹಾಕಿ ಸ್ಲಾಟ್ಸ್ ಅಂತ ಬರೆದು ಹೆಸರುಗಳ ಪಟ್ಟಿ ಕೊಟ್ರೆ, ಆ ಪಟ್ಟಿಯಲ್ಲಿ ಇಲ್ಲದ ಹೆಸರಿಗೆ ಸೆಲ್ಫ್ ಮೂಲಕ ವ್ಯಾಲ್ಯೂ ಹಾಕಿದ ಕೂಡ್ಲೇ ಎರರ್ ಬರತ್ತೆ. ಸ್ಲಾಟ್ಸ್ ಬಂದದ್ದು ಮೆಮೊರಿ ಉಳಿಸೋಕೆ ಅಂತ, ಆದ್ರೆ ಈ ಉಪಕಾರನೂ ಆಗತ್ತೆ.

ಪ್ರಶ್ನೆ: ಜಾವಾಸ್ಕ್ರಿಪ್ಟ್ ಕ್ಲಾಸ್ ಒಳಗೆ ಲೆಟ್ ಅಂತ ಹಾಕಿ ವೇರಿಯೇಬಲ್ ಡಿಕ್ಲೇರ್ ಮಾಡಿದ್ರೆ ಸಿಂಟ್ಯಾಕ್ಸ್ ಎರರ್ ಬರತ್ತೆ. ಹಾಗಾದ್ರೆ ಎಲ್ಲಿ ಬರೀಬೇಕು? ಮತ್ತೆ ಮೆಥಡ್ ಒಳಗೆ ದಿಸ್ ಹಾಕದೇ ಬರೀ ನೇಮ್ ಅಂತ ಬರೆದ್ರೆ ಎರರ್ ಬರಲ್ಲ, ಆದ್ರೆ ಖಾಲಿ ಬರತ್ತೆ.

ಉತ್ತರ: ಕ್ಲಾಸ್ ಬಾಡಿಯಲ್ಲಿ ಲೆಟ್, ಕಾನ್ಸ್ಟ್, ವಾರ್ ಯಾವುದೂ ಬೇಡ, ಬರೀ ಹೆಸರು ಈಕ್ವಲ್ ಟು ವ್ಯಾಲ್ಯೂ ಅಂತ ಬರೀರಿ. 2015ರಲ್ಲಿ ಕ್ಲಾಸ್ ಬಂದಾಗ ಈ ಸೌಲಭ್ಯ ಇರಲಿಲ್ಲ, ಎಲ್ಲವನ್ನೂ ಕನ್‌ಸ್ಟ್ರಕ್ಟರ್ ಒಳಗೆ ದಿಸ್ ಡಾಟ್ ಅಂತಲೇ ಬರೀಬೇಕಿತ್ತು, 2022ರ ಆವೃತ್ತಿಯಲ್ಲಿ ಕ್ಲಾಸ್ ಫೀಲ್ಡ್ ಸೇರ್ಕೊಂಡಿತು. ಪೈಥಾನ್ ಥರ ಇಲ್ಲಿ ಹಂಚಿಕೆ ಆಗಲ್ಲ, ಖಾಲಿ ಅರೇ ಇಟ್ರೆ ಪ್ರತಿ ಆಬ್ಜೆಕ್ಟ್‌ಗೂ ಹೊಸದೇ ಸಿಗತ್ತೆ. ಎಲ್ಲರಿಗೂ ಸೇರಿ ಒಂದೇ ಬೇಕು ಅಂದ್ರೆ ಮುಂದೆ ಸ್ಟ್ಯಾಟಿಕ್ ಹಾಕಿ.

ನಿಮ್ಮ ಎರಡನೇ ಪ್ರಶ್ನೆ ಇದೆಯಲ್ಲ, ಅದು ತುಂಬಾ ಜನರನ್ನ ಸುತ್ತಾಡ್ಸಿದೆ. ಬ್ರೌಸರ್‌ನಲ್ಲಿ ವಿಂಡೋ ಡಾಟ್ ನೇಮ್ ಅನ್ನೋದು ಯಾವಾಗಲೂ ಇರತ್ತೆ, ಸಾಮಾನ್ಯವಾಗಿ ಖಾಲಿ ಸ್ಟ್ರಿಂಗ್ ಆಗಿ. ದಿಸ್ ಇಲ್ಲದೇ ನೇಮ್ ಅಂದ್ರೆ ಜಾವಾಸ್ಕ್ರಿಪ್ಟ್ ನಿಮ್ಮ ಆಬ್ಜೆಕ್ಟ್ ಒಳಗೆ ನೋಡೋದೇ ಇಲ್ಲ, ಹೊರಗೆ ಹುಡುಕ್ತಾ ಹೋಗಿ ಆ ವಿಂಡೋ ನೇಮನ್ನ ತಂದುಕೊಡತ್ತೆ. ಏಜ್ ಅಂತ ಬರೆದಿದ್ರೆ ಅಂಥ ಹೆಸರು ಹೊರಗೆ ಇಲ್ಲ ಅಂತ ರೆಫರೆನ್ಸ್ ಎರರ್ ಬಂದು ನಿಮಗೆ ಅಲ್ಲೇ ಗೊತ್ತಾಗ್ತಿತ್ತು.

ಸ್ಪೆಲಿಂಗ್ ತಪ್ಪಿನ ವಿಷಯಕ್ಕೆ ಬಂದ್ರೆ, ಸಾಮಾನ್ಯ ಫೀಲ್ಡ್ ಡಿಕ್ಲೇರ್ ಮಾಡಿದ್ರೂ ಜಾವಾಸ್ಕ್ರಿಪ್ಟ್ ಅದನ್ನ ಕಾಯಲ್ಲ, ದಿಸ್ ಡಾಟ್ ಏನೇ ಬರೆದ್ರೂ ಹೊಸದು ಹುಟ್ಟತ್ತೆ, ಇಲ್ಲದ್ದನ್ನ ಓದಿದ್ರೆ ಅನ್‌ಡಿಫೈನ್ಡ್. ಆದ್ರೆ ಹ್ಯಾಶ್ ಚಿಹ್ನೆಯಿಂದ ಶುರುವಾಗೋ ಪ್ರೈವೇಟ್ ಫೀಲ್ಡ್ ಹಾಗಲ್ಲ. ಡಿಕ್ಲೇರ್ ಮಾಡದ ಹ್ಯಾಶ್ ಹೆಸರನ್ನ ಎಲ್ಲೇ ಬಳಸಿದ್ರೂ ಕೋಡ್ ಓಡೋಕೆ ಮುಂಚೆನೇ ಸಿಂಟ್ಯಾಕ್ಸ್ ಎರರ್. ಇದು ನನಗೆ ತುಂಬಾ ಇಷ್ಟ, ಒಳಗಿನ ಲೆಕ್ಕಾಚಾರಕ್ಕೆ ಮಾತ್ರ ಬೇಕಾಗೋ ಹೆಸರುಗಳನ್ನೆಲ್ಲ ನಾನು ಹ್ಯಾಶ್ ಹಾಕಿಯೇ ಬರಿಯೋದು.

ಪ್ರಶ್ನೆ: ಪಿಎಚ್‌ಪಿಯಲ್ಲಿ ಈಗ ಪ್ರಾಪರ್ಟಿಗೆ ಟೈಪೂ ಬರೆಯಬಹುದಂತೆ. ಬರೆದು ನೋಡ್ದೆ, ‘ಇನಿಶಿಯಲೈಸ್ ಆಗೋ ಮುಂಚೆ ಮುಟ್ಟಬಾರದು’ ಅನ್ನೋ ಅರ್ಥದ ಎರರ್ ಬಂತು. ಟೈಪ್ ತೆಗೆದ್ರೆ ಸರಿಹೋಗತ್ತೆ. ತೆಗೆದುಬಿಡ್ಲಾ?

ಉತ್ತರ: ತೆಗೀಬೇಡಿ, ಆ ಎರರ್ ನಿಮಗೆ ಒಂದು ನಿಜ ಹೇಳ್ತಿದೆ. ಟೈಪ್ ಇಲ್ಲದ ಪ್ರಾಪರ್ಟಿ ಡಿಕ್ಲೇರ್ ಮಾಡಿದ ತಕ್ಷಣ ಅದರಲ್ಲಿ ನಲ್ (‘ಖಾಲಿ’ ಅನ್ನೋ ವ್ಯಾಲ್ಯೂ) ಇರತ್ತೆ, ಓದಿದ್ರೆ ಸುಮ್ನೆ ನಲ್ ಬರತ್ತೆ. 2019ರಲ್ಲಿ 7.4 ಬಂದಾಗಿನಿಂದ ಟೈಪ್ ಬರೆಯಬಹುದು, ಇಂಟ್ ಅಂತ ಬರೆದ್ರೆ ಅದರಲ್ಲಿ ನಲ್ ಇರೋಕೆ ಆಗಲ್ಲ, ಆದ್ರಿಂದ ವ್ಯಾಲ್ಯೂ ಕೊಡೋ ತನಕ ಅದು ಏನೂ ಇಲ್ಲದ ಸ್ಥಿತಿಯಲ್ಲಿ ಇರತ್ತೆ. ಅಂದ್ರೆ ನಿಮ್ಮ ಕೋಡ್‌ನಲ್ಲಿ ಯಾವುದೋ ದಾರಿಯಲ್ಲಿ ಆ ಪ್ರಾಪರ್ಟಿಗೆ ಯಾರೂ ವ್ಯಾಲ್ಯೂ ಕೊಡ್ತಿಲ್ಲ. ಮೊದಲೂ ಕೊಡ್ತಿರಲಿಲ್ಲ, ನಲ್ ಇದ್ದದ್ರಿಂದ ಗೊತ್ತಾಗ್ತಿರಲಿಲ್ಲ. ಕನ್‌ಸ್ಟ್ರಕ್ಟರ್‌ನಲ್ಲಿ ಕೊಡಿ. ನಿಜವಾಗ್ಲೂ ಖಾಲಿ ಇರಬಹುದಾದದ್ದು ಅಂದ್ರೆ ಟೈಪ್ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಈಕ್ವಲ್ ಟು ನಲ್ ಅಂತ ಬರೀರಿ.

ಟೈಪ್ ಹಾಕಿದ ಮಾತ್ರಕ್ಕೆ ಪಿಎಚ್‌ಪಿ ಪೂರ್ತಿ ಬಿಗಿ ಆಗಲ್ಲ ಅನ್ನೋದೂ ಗೊತ್ತಿರಲಿ. ಇಂಟ್ ಪ್ರಾಪರ್ಟಿಗೆ ಸ್ಟ್ರಿಂಗ್ ರೂಪದ 25 ಹಾಕಿದ್ರೆ ಅದನ್ನ ನಂಬರ್ 25 ಮಾಡಿ ಇಟ್ಕೊಳ್ಳತ್ತೆ, ಫಾರ್ಮ್‌ನಿಂದ ಬರೋದೆಲ್ಲ ಸ್ಟ್ರಿಂಗೇ ಆಗಿರೋದ್ರಿಂದ ಇದು ಅನುಕೂಲನೇ. ಅಕ್ಷರಗಳನ್ನ ಹಾಕಿದ್ರೆ ಮಾತ್ರ ಟೈಪ್ ಎರರ್. ಅದೂ ಬೇಡ, ಸ್ಟ್ರಿಂಗ್ 25 ಬಂದ್ರೂ ನಿಲ್ಲಿಸ್ಬೇಕು ಅಂದ್ರೆ ಫೈಲ್‌ನ ತಲೆಯಲ್ಲಿ ಸ್ಟ್ರಿಕ್ಟ್ ಟೈಪ್ಸ್ ಡಿಕ್ಲೇರ್ ಮಾಡ್ಬೇಕು, ವ್ಯಾಲ್ಯೂ ಹಾಕೋ ಸಾಲು ಯಾವ ಫೈಲ್‌ನಲ್ಲಿದೆಯೋ ಆ ಫೈಲ್‌ನಲ್ಲಿ.

ಪ್ರಶ್ನೆ: ಡಿಕ್ಲೇರ್ ಮಾಡದೇ ಹೆಸರು ಹುಟ್ಟೋ ಈ ತೊಂದರೆ ಇತ್ತೀಚಿನ ಭಾಷೆಗಳದ್ದು ಮಾತ್ರನಾ, ಹಳೇ ಭಾಷೆಗಳು ಎಲ್ಲಾ ಡಿಕ್ಲೇರ್ ಮಾಡಿಸ್ತಿದ್ವಾ?

ಉತ್ತರ: ಇಲ್ಲ. 1957ರಲ್ಲಿ ಬಂದ ಫೋರ್ಟ್ರಾನ್‌ನಲ್ಲೇ ಇತ್ತು. ಅಲ್ಲಿ ವೇರಿಯೇಬಲ್ ಹೆಸರು ಐನಿಂದ ಎನ್‌ವರೆಗಿನ ಅಕ್ಷರದಿಂದ ಶುರುವಾದ್ರೆ ಪೂರ್ಣಾಂಕ, ಬೇರೆ ಅಕ್ಷರ ಆದ್ರೆ ದಶಮಾಂಶ, ಡಿಕ್ಲೇರ್ ಮಾಡೋ ಅಗತ್ಯ ಇರಲಿಲ್ಲ. ಸ್ಪೆಲಿಂಗ್ ತಪ್ಪಾದ್ರೆ ಹೊಸ ವೇರಿಯೇಬಲ್ ಹುಟ್ಟೋದು ಅಲ್ಲೂ ಹೀಗೇ. ಆಮೇಲೆ ಇಂಪ್ಲಿಸಿಟ್ ನನ್ ಅಂತ ಒಂದು ಸಾಲು ಬಂತು, ಅದನ್ನ ಬರೆದ್ರೆ ಎಲ್ಲವನ್ನೂ ಡಿಕ್ಲೇರ್ ಮಾಡಲೇಬೇಕು. ಪರ್ಲ್‌ನಲ್ಲಿ ಇದೇ ಕೆಲಸಕ್ಕೆ ಯೂಸ್ ಸ್ಟ್ರಿಕ್ಟ್, ವಿಷುಯಲ್ ಬೇಸಿಕ್‌ನಲ್ಲಿ ಆಪ್ಷನ್ ಎಕ್ಸ್‌ಪ್ಲಿಸಿಟ್, 2009ರಲ್ಲಿ ಜಾವಾಸ್ಕ್ರಿಪ್ಟ್‌ಗೂ ಸ್ಟ್ರಿಕ್ಟ್ ಮೋಡ್. ಒಂದೊಂದು ಭಾಷೆಯೂ ಮೊದಲು ಸಡಿಲ ಬಿಟ್ಟು, ಜನ ಪಾಡು ಪಟ್ಟ ಮೇಲೆ ಈ ಸಾಲು ತಂದಿದೆ.

ಪ್ರಶ್ನೆ: ರೂಬಿಯಲ್ಲಿ ಎರಡು ಆಟ್ ಚಿಹ್ನೆ ಹಾಕಿದ ವೇರಿಯೇಬಲ್ ಬಳಸಿ ಪ್ರತಿ ಕ್ಲಾಸ್‌ಗೂ ಬೇರೆ ಬೇರೆ ಲೆಕ್ಕ ಇಡೋಕೆ ನೋಡ್ತಿದೀನಿ. ಮಗು ಕ್ಲಾಸ್‌ನಲ್ಲಿ ಬದಲಾಯಿಸಿದ್ರೆ ತಾಯಿ ಕ್ಲಾಸ್‌ನದ್ದೂ ಬದಲಾಗ್ತಿದೆ.

ಉತ್ತರ: ಅದು ಇರೋದೇ ಹಾಗೆ, ಎರಡು ಆಟ್ ಹಾಕಿದ್ದು ತಾಯಿ ಕ್ಲಾಸ್ ಮತ್ತು ಅದರಿಂದ ಬಂದ ಎಲ್ಲಾ ಕ್ಲಾಸ್‌ಗಳ ನಡುವೆ ಒಂದೇ. ನಿಮಗೆ ಬೇಕಾಗಿರೋದು ಕ್ಲಾಸ್‌ನದ್ದೇ ಇನ್‌ಸ್ಟೆನ್ಸ್ ವೇರಿಯೇಬಲ್, ಅಂದ್ರೆ ಒಂದೇ ಆಟ್ ಹಾಕಿ ಅದನ್ನ ಮೆಥಡ್‌ಗಳ ಹೊರಗೆ, ಕ್ಲಾಸ್ ಬಾಡಿಯಲ್ಲಿ ಬರೀಬೇಕು, ಸೆಲ್ಫ್ ಡಾಟ್ ಅಂತ ಶುರುವಾಗೋ ಕ್ಲಾಸ್ ಮೆಥಡ್‌ನಿಂದ ಅದನ್ನ ಓದ್ಬೇಕು. ಮಗು ಕ್ಲಾಸ್‌ನಲ್ಲೂ ಅದರದ್ದೇ ಸೊನ್ನೆ ಬೇರೆ ಇಡೋದು ಮರೀಬೇಡಿ, ಇಟ್ಟಿಲ್ಲ ಅಂದ್ರೆ ಅಲ್ಲಿ ನಿಲ್ (ರೂಬಿಯ ‘ಖಾಲಿ’) ಇರತ್ತೆ, ನಿಲ್‌ಗೆ ಒಂದು ಕೂಡಿಸೋಕೆ ಹೋಗಿ ನೋ ಮೆಥಡ್ ಎರರ್ ಬರತ್ತೆ.